ಎಣ್ಣೆ ಮರಳು ಬಿಟುಮೆನ್ ಬಿಡುತ್ತಿಲ್ಲವೇ? ಕಾಸ್ಟಿಕ್ ಡಬ್ಬಿಗೆ ಕೈ ಹಾಕುವ ಮುಂಚೆ ಇದನ್ನು ನೋಡಿ

ಅಥಾಬಾಸ್ಕಾದ ಎಣ್ಣೆ ಮರಳನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನೆನಪಾಗಿದ್ದು ನಮ್ಮೂರ ರಸ್ತೆಗೆ ಟಾರು ಹಾಕುವವರ ಡ್ರಮ್ಮು. ಅದೇ ಕಪ್ಪು, ಹೆಚ್ಚುಕಡಿಮೆ ಅದೇ ವಾಸನೆ. ಆದರೆ ಇದು ಮರಳು. ಕಾಳು ಕಾಳಿನ ಸುತ್ತ ಬಿಟುಮೆನ್, ಅಂದರೆ ಟಾರಿನಂಥ ಗಟ್ಟಿ ಎಣ್ಣೆ, ಮೆತ್ತಿಕೊಂಡಿರುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ, ಫೋರ್ಟ್ ಮ್ಯಾಕ್‌ಮರ್ರೆ ಸುತ್ತಮುತ್ತ ಇದನ್ನು ಗಣಿಯಿಂದ ಅಗೆದು, ಬಿಸಿನೀರಲ್ಲಿ ಕಲಕಿ, ಗಾಳಿ ಕೊಟ್ಟು, ಬಿಟುಮೆನ್ನನ್ನು ನೊರೆಯಾಗಿ ಮೇಲೆ ತೇಲಿಸಿ ತೆಗೆಯುತ್ತಾರೆ. ಈ ವಿಧಾನವನ್ನು 1920ರ ದಶಕದಲ್ಲಿ ಎಡ್ಮಂಟನ್‌ನಲ್ಲಿ ಹದಕ್ಕೆ ತಂದವರು ರಸಾಯನಶಾಸ್ತ್ರಜ್ಞ ಕಾರ್ಲ್ ಕ್ಲಾರ್ಕ್. 1929ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ದೊಡ್ಡ ಕಾರ್ಖಾನೆ ಶುರುವಾಗಿದ್ದು 1967ರಲ್ಲಿ. ಅದನ್ನು ನೋಡಲು ಅವರು ಉಳಿದಿರಲಿಲ್ಲ. ಕೆಲವೇ ತಿಂಗಳ ಹಿಂದೆ, 1966ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು.

ನಾನು ಎಡ್ಮಂಟನ್‌ನ ಒಂದು ಲ್ಯಾಬಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿದವನು. ನಮ್ಮ ಕಡೆಯಿಂದ ಅಲ್ಲಿಗೆ ಎಂಎಸ್ಸಿ ಮಾಡಲು, ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ: "ಸರ್, ರಿಕವರಿ ಬರ್ತಿಲ್ಲ, ಏನ್ ಮಾಡ್ಲಿ?" ರಿಕವರಿ ಅಂದರೆ ಮರಳಲ್ಲಿರುವ ಬಿಟುಮೆನ್ನಿನಲ್ಲಿ ಎಷ್ಟು ಪಾಲು ಕೈಗೆ ಸಿಕ್ಕಿತು ಅನ್ನುವ ಲೆಕ್ಕ. ನಾನು ತಿರುಗಿ ಕೇಳಿದರೆ, ಹತ್ತರಲ್ಲಿ ಎಂಟು ಜನ ಆಗಲೇ ಬಿಟುಮೆನ್ ಬಿಡಿಸಲು ಹಾಕುವ ಕ್ಷಾರ, ಕಾಸ್ಟಿಕ್ ಸೋಡಾ, ಜಾಸ್ತಿ ಮಾಡಿರುತ್ತಾರೆ. ತಪ್ಪು ಅಲ್ಲೇ ಶುರು. ಕಾಸ್ಟಿಕ್ ಕೊನೆಯ ಅಸ್ತ್ರ. ಮೊದಲು ನೋಡಬೇಕಾದ್ದು ಮರಳು, ಆಮೇಲೆ ನೀರು.

ಎಲ್ಲ ಸರಿ ಇದ್ದಾಗ ಹೇಗಿರುತ್ತದೆ

ಇದು ಗೊತ್ತಿಲ್ಲದೆ ದೋಷ ಹುಡುಕಲು ಆಗಲ್ಲ. ಲ್ಯಾಬಿನ ಸಾಮಾನ್ಯ ಪರೀಕ್ಷೆ ಹೀಗೆ: ಬಿಸಿನೀರಿನ ಹೊರಕವಚ ಇರುವ ಪಾತ್ರೆಗೆ 500 ಗ್ರಾಂ ಅದಿರು (ಎಣ್ಣೆ ಮರಳನ್ನೇ ಹೀಗನ್ನುವುದು), 50 ಡಿಗ್ರಿಯ 150 ಮಿಲಿಲೀಟರ್ ನೀರು. ಗಾಳಿ ಬಿಡುತ್ತಾ 10 ನಿಮಿಷ ಕಲಕುವುದು. ಆಮೇಲೆ ಇನ್ನೂ ಸುಮಾರು 900 ಮಿಲಿಲೀಟರ್ ನೀರು ತುಂಬಿಸಿ ಮೇಲೆ ಬಂದ ನೊರೆಯನ್ನು ಚಮಚದಿಂದ ತೆಗೆಯುವುದು. ಇದು ಮೊದಲ ನೊರೆ. ಮತ್ತೆ ಜೋರಾಗಿ ಕಲಕಿ, ಗಾಳಿ ಕೊಟ್ಟು ತೆಗೆಯುವುದು ಎರಡನೇ ನೊರೆ.

ಒಳ್ಳೆ ಅದಿರಿನ ಮೊದಲ ನೊರೆ ದಪ್ಪ, ಹೊಳೆಯುವ ಕಪ್ಪು. ಚಮಚದಿಂದ ಇಳಿಯಲು ಸತಾಯಿಸುತ್ತದೆ. ಅದರಲ್ಲಿ ಸುಮಾರು ಶೇಕಡ 60 ಬಿಟುಮೆನ್, 30 ನೀರು, 10 ಮರಳು ಮತ್ತು ಜೇಡಿ. ಕೆಳಗಿನ ನೀರು ಬೂದುಕಂದು. ತಳದ ಮರಳು ತೊಳೆದ ಹಾಗೆ ಬಿಳಿಚಿಕೊಂಡಿರುತ್ತದೆ.

ಲೆಕ್ಕ ಕೂಡ ಬಾಯಲ್ಲೇ ಇರಲಿ. 11 ಶೇಕಡದ ಅದಿರು 500 ಗ್ರಾಂ ಅಂದರೆ ಒಳಗಿರುವುದು 55 ಗ್ರಾಂ ಬಿಟುಮೆನ್. 80 ಗ್ರಾಂ ನೊರೆ ಬಂದು, ಅದರಲ್ಲಿ 60 ಶೇಕಡ ಬಿಟುಮೆನ್ ಇದ್ದರೆ 48 ಗ್ರಾಂ ಸಿಕ್ಕ ಹಾಗೆ. ಅಂದರೆ ಸುಮಾರು 87 ಶೇಕಡ.

ಇನ್ನೊಂದು ಮಾತು. ಎಲ್ಲ ಅದಿರಿನಿಂದಲೂ 90 ಶೇಕಡ ಬರಬೇಕು ಅಂತ ಹಟ ಹಿಡಿಯಬೇಡಿ. ಆಲ್ಬರ್ಟಾದ ನಿಯಂತ್ರಣ ಸಂಸ್ಥೆಯ ನಿಯಮವೂ ಹಾಗೆ ಹೇಳಲ್ಲ. ಸರಾಸರಿ 11 ಶೇಕಡ ಅಥವಾ ಅದಕ್ಕಿಂತ ಜಾಸ್ತಿ ಬಿಟುಮೆನ್ ಇರುವ ಅದಿರಿಗೆ 90 ಶೇಕಡ ತೆಗೆಯಲೇಬೇಕು. 9 ಶೇಕಡದ ಅದಿರಿಗೆ ಅದೇ ಸೂತ್ರ ಸುಮಾರು 82ಕ್ಕೆ ಇಳಿಯುತ್ತದೆ, 8 ಶೇಕಡದ್ದಕ್ಕೆ 70ರ ಹತ್ತಿರ. ನಿಮ್ಮ ಕೈಲಿರುವುದು 8 ಶೇಕಡದ ಅದಿರಾಗಿದ್ದು 72 ಬಂದಿದ್ದರೆ, ದೋಷವೇ ಇಲ್ಲ. ಹೋಗಿ ಊಟ ಮಾಡಿ.

ಲಕ್ಷಣ: ನೊರೆಯೇ ಏಳುತ್ತಿಲ್ಲ, ಎದ್ದರೂ ತೆಳ್ಳಗೆ ಬಣ್ಣದ ನೀರಿನ ಹಾಗೆ

ಮೊದಲು ಥರ್ಮಾಮೀಟರ್. ಹೊರಕವಚದ ನೀರಿಗೆ ಅಲ್ಲ, ಒಳಗಿನ ರಾಡಿಗೆ ಅದ್ದಿ. ಹೊಸಬರೆಲ್ಲ ಜಾರುವುದು ಇಲ್ಲೇ. ನೀರು 50 ಡಿಗ್ರಿ ಇದೆ, ಸರಿ. ಆದರೆ 20 ಡಿಗ್ರಿಯ 500 ಗ್ರಾಂ ಮರಳಿನ ಮೇಲೆ 150 ಮಿಲಿಲೀಟರ್ ಸುರಿದರೆ ಎರಡೂ ಸೇರಿ 36ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮರಳು ಫ್ರಿಜ್ಜಿನಿಂದ ಆಗಷ್ಟೇ ಬಂದಿದ್ದರೆ 30ಕ್ಕೂ ಕೆಳಗೆ. ಹೊರಕವಚದ ಬಿಸಿ ಅದನ್ನು ಮೇಲೆತ್ತುವಷ್ಟರಲ್ಲಿ ನಿಮ್ಮ 10 ನಿಮಿಷ ಮುಗಿದಿರುತ್ತದೆ. 35 ಡಿಗ್ರಿಗಿಂತ ಕೆಳಗೆ ಬಿಟುಮೆನ್ ತೀರಾ ಗಟ್ಟಿ. ಮರಳಿನ ಕಾಳಿನಿಂದ ಹಿಂದೆ ಸರಿಯಲ್ಲ, ಹನಿಯಾಗಿ ದುಂಡಗಾಗಲ್ಲ. ಮನೆಯಲ್ಲಿ ಮಜ್ಜಿಗೆ ಕಡೆದವರಿಗೆ ಇದು ಗೊತ್ತು. ಚಳಿಗಾಲದ ಬೆಳಿಗ್ಗೆ ಎಷ್ಟು ಕಡೆದರೂ ಬೆಣ್ಣೆ ಕೂಡಲ್ಲ. ಅಜ್ಜಿ ಒಂದು ಲೋಟ ಬೆಚ್ಚಗಿನ ನೀರು ಹಾಕುತ್ತಿದ್ದಳು, ಅಲ್ವಾ? ಹಾಗೇ. ಅದಿರನ್ನು ಮೊದಲೇ ಹೊರಗಿಟ್ಟು ಕೋಣೆಯ ಬಿಸಿಗೆ ತನ್ನಿ. ಮುಚ್ಚಳ ಬಿಗಿಯಾಗಿ ಹಾಕಿಯೇ ಇಡಿ.

ಎರಡನೆಯದು ಗಾಳಿ. ಬಿಟುಮೆನ್ ಸಾಂದ್ರತೆ ಹೆಚ್ಚುಕಡಿಮೆ ನೀರಿನದ್ದೇ. ಗುಳ್ಳೆ ಅಂಟಿಕೊಳ್ಳದೆ ಅದು ತಾನಾಗಿ ತೇಲಲ್ಲ. ಗಾಳಿಯ ಮೀಟರಿನಲ್ಲಿ ನಿಮಿಷಕ್ಕೆ 150 ಮಿಲಿಲೀಟರ್ ಅಂತ ತೋರಿಸಿದ ಮಾತ್ರಕ್ಕೆ ಗಾಳಿ ಒಳಗೆ ಬರುತ್ತಿದೆ ಅಂತಲ್ಲ. ಕಲಕುವ ಕಡ್ಡಿಯ ತುದಿಯ ತೂತಿಗೆ ಬಿಟುಮೆನ್ ಹೆಪ್ಪುಗಟ್ಟಿ, ಗಾಳಿ ಮೇಲಿನ ಸೀಲಿನಲ್ಲಿ ಸೋರುತ್ತಿರಬಹುದು. ಖಾಲಿ ಪಾತ್ರೆಗೆ ಶುದ್ಧ ನೀರು ತುಂಬಿ, ಗಾಳಿ ಬಿಟ್ಟು ನೋಡಿ. ಸಣ್ಣ ಗುಳ್ಳೆ ಎಲ್ಲ ಕಡೆ ಸಮನಾಗಿ ಬರಬೇಕು. ಒಂದೇ ಮೂಲೆಯಲ್ಲಿ ದೊಡ್ಡ ಗುಳ್ಳೆ ಬುಳುಬುಳು ಅಂದರೆ ತೂತು ಕಟ್ಟಿದೆ. ಐದು ನಿಮಿಷದ ಪರೀಕ್ಷೆ, ಖರ್ಚು ಸೊನ್ನೆ.

ಮೂರನೆಯದು ಅದಿರಿನ ವಯಸ್ಸು. ಅಥಾಬಾಸ್ಕಾ ಮರಳು ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದು ಅದರ ಕಾಳುಗಳ ಮೈ ನೀರನ್ನು ಇಷ್ಟಪಡುವುದರಿಂದ. ಕಾಳಿಗೂ ಬಿಟುಮೆನ್‌ಗೂ ನಡುವೆ ತೆಳುವಾದ ನೀರಿನ ಪೊರೆ ಇದೆ ಅಂತಲೇ ಬಹಳ ಜನ ನಂಬುತ್ತಾರೆ. ಅದಿರು ಬಿಸಿಲಿಗೆ ಗಾಳಿಗೆ ಬಿದ್ದು ಒಣಗಿದರೆ ಆ ನೀರು ಹೋಗುತ್ತದೆ. ಬಿಟುಮೆನ್ ನೇರವಾಗಿ ಕಾಳಿಗೆ ಹಿಡಿದುಕೊಳ್ಳುತ್ತದೆ. ಜೊತೆಗೆ ಅದಿರಿನ ಪೈರೈಟು (ಕಬ್ಬಿಣ, ಗಂಧಕದ ಖನಿಜ) ಗಾಳಿಗೆ ಸಿಕ್ಕಿ ಆಮ್ಲವಾಗುತ್ತದೆ. ಚೀಲದ ತೂತಿನಿಂದ ಆರು ತಿಂಗಳು ಉಸಿರಾಡಿದ ಅದಿರಿನಿಂದ ಒಳ್ಳೆ ಫಲ ಬರಲ್ಲ.

ಪತ್ತೆ ಹಚ್ಚುವುದು ಸುಲಭ. ಏನೂ ರಾಸಾಯನಿಕ ಹಾಕದೆ ಅದಿರನ್ನು ಭಟ್ಟಿ ಇಳಿಸಿದ ನೀರಲ್ಲಿ ಕಲಕಿ, ಪಿಎಚ್ ನೋಡಿ. ಆರೋಗ್ಯವಂತ ಅದಿರು ತಟಸ್ಥದ ಹತ್ತಿರ ಅಥವಾ ತುಸು ಮೇಲಿರುತ್ತದೆ. 7ಕ್ಕಿಂತ ಚೆನ್ನಾಗಿ ಕೆಳಗೆ ಬಂದರೆ ಅದಿರು ಹಳಸಿದೆ. ಹೀಗಿದ್ದಾಗ ತುಸು ಕಾಸ್ಟಿಕ್ ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ಪೂರ್ತಿ ಒಣಗಿದ ಅದಿರನ್ನು ಯಾವ ಕಾಸ್ಟಿಕ್ಕೂ ಮೊದಲಿನಂತೆ ಮಾಡಲ್ಲ. ಹೊಸ ಮಾದರಿ ತರಿಸಿ.

ಪಿಎಚ್ ಮೀಟರಿನ ಬಗ್ಗೆಯೂ ಅನುಮಾನ ಇರಲಿ. ಅದರ ಗಾಜಿನ ಗುಂಡಿಗೆ ಬಿಟುಮೆನ್ ಮೆತ್ತಿಕೊಂಡರೆ ಸುಳ್ಳು ಹೇಳುತ್ತದೆ. ಬಿಟುಮೆನ್ ಕರಗಿಸುವ ದ್ರವ ಟೊಲ್ಯೂಯಿನ್ ತಾಗಿಸಿದ ಟಿಶ್ಯೂನಲ್ಲಿ ಒರೆಸಿ, ತೊಳೆದು, ಪಿಎಚ್ ಮೊದಲೇ ಗೊತ್ತಿರುವ 7 ಮತ್ತು 10ರ ಬಫರ್‌ನಲ್ಲಿ ಪರೀಕ್ಷಿಸಿ. ಆಮೇಲೆ ನಂಬಿ.

ಇದೇ ಲಕ್ಷಣದಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ನೊರೆ ಕಡಿಮೆ, ಎರಡನೇ ನೊರೆ ಧಾರಾಳ, ಒಟ್ಟು ಲೆಕ್ಕ ಸರಿ ಅಂತಾದರೆ, ಬಿಟುಮೆನ್ ಕಾಳಿನಿಂದ ಬಿಟ್ಟಿದೆ, ಗುಳ್ಳೆಗೆ ಸಿಕ್ಕಿಲ್ಲ. ಗಾಳಿಯ ಕಡೆ ನೋಡಿ. ಎರಡೂ ಕಡಿಮೆಯಾಗಿ ತಳದ ಮರಳು ಕಪ್ಪಾಗಿದ್ದರೆ, ಬಿಟ್ಟೇ ಇಲ್ಲ. ಬಿಸಿ ಮತ್ತು ಅದಿರಿನ ಕಡೆ ನೋಡಿ.

ಲಕ್ಷಣ: ನೊರೆ ಬರುತ್ತಿದೆ, ಆದರೆ ಹೊಳಪಿಲ್ಲ, ಚಾಕೊಲೇಟ್ ಬಣ್ಣ, ಚಮಚದಲ್ಲಿ ಗರಗರ

ಇಲ್ಲಿ ಕೈಯ ತಪ್ಪೇ ಜಾಸ್ತಿ. ಆಳಕ್ಕೆ ಚಮಚ ಹಾಕಿ ನಡುವಿನ ನೀರನ್ನೂ ಬಾಚಿದ್ದೀರಾ? ಕಲಕುವುದು ನಿಲ್ಲಿಸಿ ಮರಳು ಕೂರುವ ಮುಂಚೆಯೇ ತೆಗೆದಿರಾ? ವೇಗ ಜಾಸ್ತಿ ಇದ್ದು ತಳದ ಮರಳು ಮೇಲೆ ಹಾರುತ್ತಿದೆಯಾ? ಮೂರಕ್ಕೂ ಔಷಧಿ ತಾಳ್ಮೆ. ತುಂಬುವ ನೀರನ್ನು ಧಾರೆಯಾಗಿ ನೊರೆಯ ಮೇಲೆ ಸುರಿಯಬೇಡಿ. ಗೋಡೆಗೆ ತಾಗಿಸಿ ನಿಧಾನ ಬಿಡಿ.

ಇಷ್ಟಾದರೂ ಚಾಕೊಲೇಟ್ ಬಣ್ಣವೇ ಆದರೆ ಜೇಡಿಯ ಕೈವಾಡ. ಮುಂದಿನ ಭಾಗ ಓದಿ.

ಲಕ್ಷಣ: ನಡುವಿನ ನೀರು ಗಂಜಿಯಂತಾಗಿದೆ, ಏನೂ ಕೂರುತ್ತಿಲ್ಲ, ಏನೂ ಏಳುತ್ತಿಲ್ಲ

ನನಗೆ ಬಹಳ ಕಲಿಸಿದ ಲಕ್ಷಣ ಇದು.

44 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಅಲ್ಲಿ ನಯಪುಡಿ ಅಂತ ಎಣಿಸುತ್ತಾರೆ. ಅದಿರಿನ ಘನದಲ್ಲಿ ಇವು ಐದಾರು ಶೇಕಡ ಇದ್ದರೆ ಸಮಸ್ಯೆ ಇಲ್ಲ. 20 ಶೇಕಡ ದಾಟಿದರೆ ಬೆವರು ಶುರು. ಸಾಮಾನ್ಯವಾಗಿ ಬಿಟುಮೆನ್ ಕಡಿಮೆ ಇರುವ ಅದಿರಿನಲ್ಲೇ ನಯಪುಡಿ ಜಾಸ್ತಿ. ಮೊದಲ ಪರೀಕ್ಷೆ ಬೆರಳಿನದ್ದು. ಗ್ಲೌಸ್ ಹಾಕಿಕೊಂಡು ಒಂದು ಚಿಟಿಕೆ ತಳದ ಮರಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ. ಗರಗರ ಅಂದರೆ ಮರಳು. ಸಾಬೂನಿನಂತೆ ಜಾರಿದರೆ ಜೇಡಿ.

ಎಲ್ಲ ಜೇಡಿಯೂ ಒಂದೇ ಥರ ಅಲ್ಲ. ಅಲ್ಲಿ ಹೆಚ್ಚಾಗಿ ಸಿಗುವುದು ಕಯೋಲಿನೈಟ್ ಮತ್ತು ಇಲ್ಲೈಟ್. ಅವು ಅಷ್ಟೇನೂ ತಂಟೆ ಮಾಡಲ್ಲ. ಕಷ್ಟ ಕೊಡುವುದು ಊದುವ ಜಾತಿಯ ಮಾಂಟ್‌ಮೊರಿಲೊನೈಟ್, ಸ್ವಲ್ಪವೇ ಇದ್ದರೂ. ಗದಗ, ಧಾರವಾಡ, ವಿಜಯಪುರದ ಎರೆ ಭೂಮಿ ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಟ್ಟು, ಮಳೆಗೆ ಊದಿ ಚಪ್ಪಲಿಗೆ ಅಂಟುತ್ತದಲ್ಲ, ಅದಕ್ಕೆ ಕಾರಣವೂ ಈ ಊದುವ ಜಾತಿಯ ಜೇಡಿಯೇ. ಮಿಥಿಲೀನ್ ಬ್ಲೂ ಬಣ್ಣವನ್ನು ಎಷ್ಟು ಹೀರಿಕೊಳ್ಳುತ್ತದೆ ಅಂತ ಅಳೆದರೆ ಅದಿರಿನಲ್ಲಿ ಇಂಥ ಜೇಡಿ ಎಷ್ಟಿದೆ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಅರ್ಧ ದಿನದ ಕೆಲಸ.

ಆದರೆ ಜೇಡಿ ಒಂಟಿಯಾಗಿ ಇಷ್ಟು ಹಾಳು ಮಾಡಲ್ಲ. ಅದಕ್ಕೆ ಒಬ್ಬ ಜೊತೆಗಾರ ಬೇಕು: ಕ್ಯಾಲ್ಸಿಯಂ. ಮೆಗ್ನೀಸಿಯಂ ಕೂಡ ಅದೇ ಕುಲ. ಬಿಟುಮೆನ್ ಹನಿಯ ಮೈ ಋಣ ವಿದ್ಯುತ್ತಿನದು, ಜೇಡಿಯ ಮೈಯೂ ಅದೇ. ಸುಮ್ನೆ ಬಿಟ್ಟರೆ ಒಂದನ್ನೊಂದು ದೂರ ತಳ್ಳುತ್ತವೆ. ಎರಡು ಧನ ಇರುವ ಕ್ಯಾಲ್ಸಿಯಂ ನಡುವೆ ಬಂದರೆ ಎರಡನ್ನೂ ಕೈ ಹಿಡಿದು ಕೂಡಿಸುತ್ತದೆ. ಹನಿಯ ಮೈಗೆಲ್ಲ ಜೇಡಿ ಮೆತ್ತಿಕೊಳ್ಳುತ್ತದೆ. ಚಪಾತಿ ಲಟ್ಟಿಸುವಾಗ ಉಂಡೆಗೆ ಒಣಹಿಟ್ಟು ಉದುರಿಸುವುದು ಯಾಕೆ? ಲಟ್ಟಣಿಗೆಗೆ ಅಂಟಬಾರದು ಅಂತ. ಜೇಡಿ ಮೆತ್ತಿದ ಹನಿಗೆ ಗುಳ್ಳೆ ಅಂಟದಿರುವುದೂ ಹೀಗೆ. ಕ್ಯಾಲ್ಸಿಯಂ ಮಾತ್ರ ಇದ್ದರೆ ರಿಕವರಿ ಸ್ವಲ್ಪ ಇಳಿಯುತ್ತದೆ. ಜೇಡಿ ಮಾತ್ರ ಇದ್ದರೂ ಸ್ವಲ್ಪ. ಎರಡೂ ಸೇರಿದರೆ ಧೊಪ್ಪನೆ ಬೀಳುತ್ತದೆ.

ನನ್ನ ಮೊದಲ ಚಳಿಗಾಲದ ಕಥೆ ಹೇಳುತ್ತೇನೆ. ಎರಡು ವಾರ ಚೆನ್ನಾಗಿ ಬರುತ್ತಿದ್ದ ಅದಿರು ಒಂದು ಸೋಮವಾರ ಕೈಕೊಟ್ಟಿತು. ಅದೇ ಚೀಲ, ಅದೇ ಪಾತ್ರೆ, ಅದೇ ನಾನು. ನಡುವಿನ ನೀರು ರಾಗಿ ಅಂಬಲಿಯ ಹಾಗೆ. ಕಾಸ್ಟಿಕ್ ಹಾಕಿದೆ. ಇನ್ನೂ ಗಟ್ಟಿಯಾಯಿತು. ಇನ್ನಷ್ಟು ಹಾಕಿದೆ. ಮೂರು ದಿನ ಹೀಗೇ. ಗುರುವಾರ ನಮ್ಮ ಹಿರಿಯ ಟೆಕ್ನಿಷಿಯನ್, ನ್ಯೂಫೌಂಡ್‌ಲ್ಯಾಂಡಿನ ಮನುಷ್ಯ, ಕಾಫಿ ಲೋಟ ಹಿಡಿದು ಬಂದು ಪಾತ್ರೆಯನ್ನು ಸ್ವಲ್ಪ ಹೊತ್ತು ನೋಡಿದ. ಒಂದೇ ಪ್ರಶ್ನೆ ಕೇಳಿದ: "ಯಾವ ಪೀಪಾಯಿಯ ನೀರು?"

ನಾನು ಪೀಪಾಯಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಶುಕ್ರವಾರ ಹಳೆಯದು ಖಾಲಿಯಾಗಿ ಹೊಸದು ಬಂದಿತ್ತು. ಕಾರ್ಖಾನೆಗಳಲ್ಲಿ ಕೊಳದಿಂದ ತಿರುಗಿ ಬರುವ ನೀರನ್ನೇ ಮತ್ತೆ ಬಳಸುತ್ತಾರೆ, ನಾವೂ ಅದೇ ನೀರಲ್ಲಿ ಪರೀಕ್ಷೆ ಮಾಡುತ್ತಿದ್ದೆವು. ಹೊಸ ಪೀಪಾಯಿಯ ನೀರು ಬಂದ ಜಾಗದಲ್ಲಿ ಟೇಲಿಂಗ್ಸ್ (ಬಿಟುಮೆನ್ ತೆಗೆದ ಮೇಲೆ ಕೊಳಕ್ಕೆ ಬಿಡುವ ಕೆಸರು) ಬೇಗ ಗಟ್ಟಿಯಾಗಲಿ ಅಂತ ಜಿಪ್ಸಂ ಸೇರಿಸುತ್ತಿದ್ದರು. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕೊಳದ ಕಷ್ಟ ಕಳೆಯಲು ಹಾಕಿದ ಔಷಧಿ ನೀರಿನ ಜೊತೆ ತಿರುಗಿ ಬಂದು ನಮ್ಮ ನೊರೆಗೆ ವಿಷವಾಗಿತ್ತು.

ಆಮೇಲೆ ನನಗೆ ನಾಚಿಕೆ ಆಗಿದ್ದು ಯಾಕೆಂದರೆ, ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ನಮ್ಮೂರು ಚಿತ್ರದುರ್ಗದ ಕಡೆ. ಬೋರ್‌ವೆಲ್ ನೀರಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಬರಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಕೊಳೆ ಕಟ್ಟುತ್ತದೆ. ಬಿಟುಮೆನ್ ಒಳಗೂ ಸೋಪೇ ಇದೆ. ಅದರಲ್ಲಿರುವ ನ್ಯಾಫ್ತೆನಿಕ್ ಆಮ್ಲಗಳು ಕ್ಷಾರದ ಜೊತೆ ಸೇರಿ ಸೋಪಾಗುತ್ತವೆ. ಬಿಟುಮೆನ್ ಕಾಳು ಬಿಡಲು ಕೈಜೋಡಿಸುವುದು ಆ ಸೋಪು. ಗಡಸು ನೀರು ಅದನ್ನೂ ತಿಂದುಹಾಕುತ್ತದೆ.

ಹಾಗಾಗಿ ಅಗ್ಗದ ಪರೀಕ್ಷೆ ಸೋಪಿನದ್ದೇ. ಒಂದೇ ಅಳತೆಯ ಎರಡು ಬಾಟಲಿ. ಒಂದಕ್ಕೆ ನಿಮ್ಮ ನೀರು, ಇನ್ನೊಂದಕ್ಕೆ ಭಟ್ಟಿ ಇಳಿಸಿದ ನೀರು. ಸಾದಾ ಬಾರ್ ಸೋಪಿನ ಒಂದೊಂದು ಚೂರು ಹಾಕಿ ಕುಲುಕಿ. ಡಿಟರ್ಜೆಂಟ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ. ನಿಮ್ಮ ಬಾಟಲಿಯಲ್ಲಿ ನೊರೆ ಕೂತು ಬಿಳಿ ತೆಟ್ಟೆ ಕಂಡರೆ, ಗಡಸುತನದ ಕಿಟ್ ತಂದು ಅಳೆಯಿರಿ. ಲೀಟರಿಗೆ ಹತ್ತಾರು ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ, ಊದುವ ಜೇಡಿ ಜೊತೆಗಿದ್ದರೆ, ಸಾಕು ಹಾಳು ಮಾಡಲು.

ಪರಿಹಾರವನ್ನು ಈ ಕ್ರಮದಲ್ಲಿ ನೋಡಿ. ಮೊದಲು ಅದೇ ಅದಿರನ್ನು ಭಟ್ಟಿ ಇಳಿಸಿದ ನೀರಲ್ಲಿ ಒಮ್ಮೆ ಮಾಡಿ. ಸರಿಹೋದರೆ ನೀರಿನದ್ದೇ ತಪ್ಪು, ಹೋಗದಿದ್ದರೆ ಅದಿರಿನದ್ದು. ಈ ಒಂದು ಪರೀಕ್ಷೆ ನನ್ನ ಮೂರು ದಿನ ಉಳಿಸುತ್ತಿತ್ತು. ನೀರೇ ಕಾರಣವಾದರೆ ವಾಷಿಂಗ್ ಸೋಡಾ ಹಾಕಿ ಕ್ಯಾಲ್ಸಿಯಂ ಅನ್ನು ಸುಣ್ಣಕಲ್ಲಿನ ಪುಡಿಯಾಗಿ ಕೂರಿಸಬಹುದು. ಸೋಡಿಯಂ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ, ಕಾಸ್ಟಿಕ್ ಜೊತೆ ಜೋಡಿಯಾಗಿ ಕೆಲಸಕ್ಕೆ ಬರುತ್ತದೆ. ಅದಿರೇ ಕಾರಣವಾದರೆ ನೀರು ಜಾಸ್ತಿ ಮಾಡಿ ರಾಡಿಯನ್ನು ತೆಳು ಮಾಡಿ, ಇಲ್ಲವೇ ಒಳ್ಳೆ ಅದಿರನ್ನು ಬೆರೆಸಿ. ಕಾರ್ಖಾನೆಗಳೂ ದಿನಾ ಮಾಡುವುದು ಬೆರೆಸುವುದನ್ನೇ.

ಲಕ್ಷಣ: ಕಾಸ್ಟಿಕ್ ಹಾಕಿದಷ್ಟೂ ಹದಗೆಡುತ್ತಿದೆ

ನಿಲ್ಲಿಸಿ. ಈ ಲಕ್ಷಣಕ್ಕೆ ನಿಲ್ಲಿಸುವುದೇ ಔಷಧಿ.

ಅದಿರಿನ ತೂಕದ 0.02ರಿಂದ 0.05 ಶೇಕಡ ಕಾಸ್ಟಿಕ್ ಅಂದರೆ 500 ಗ್ರಾಂಗೆ 0.1ರಿಂದ 0.25 ಗ್ರಾಂ. ಚಿಟಿಕೆಗೂ ಕಡಿಮೆ. ಒಳ್ಳೆ ಅದಿರಿಗೆ ಬಹಳ ಸಲ ಏನೂ ಬೇಡ. ರಾಡಿಯ ಪಿಎಚ್ 8ರಿಂದ 8.5 ಇದ್ದರೆ ಸಾಕು. ಅದಕ್ಕಿಂತ ತುಂಬಾ ಮೇಲೆ ಹೋದರೆ ಸೋಪು ಅತಿಯಾಗಿ, ಬಿಟುಮೆನ್ ಕಣ್ಣಿಗೆ ಕಾಣದ ಹನಿಗಳಾಗಿ ಒಡೆದು ನೀರಲ್ಲೇ ಉಳಿಯುತ್ತದೆ. ಹನಿಗೂ ಗುಳ್ಳೆಗೂ ಋಣ ಹೆಚ್ಚಿ ಒಂದನ್ನೊಂದು ತಳ್ಳುತ್ತವೆ. ಜೇಡಿಯೂ ಬಿಡಿಬಿಡಿಯಾಗಿ ತೇಲುತ್ತದೆ. ನಡುವಿನ ನೀರನ್ನು ಗಾಜಿನ ಲೋಟದಲ್ಲಿ ಒಂದು ಗಂಟೆ ಬಿಟ್ಟು ನೋಡಿ. ಮೇಲೆ ತಿಳಿನೀರಿನ ಗೆರೆಯೇ ಕಾಣದೆ ಕಾಫಿಯ ಹಾಗೇ ಉಳಿದಿದ್ದರೆ ಅತಿಯಾಗಿದೆ ಅಂತ ತಿಳಿಯಿರಿ.

ಇದರ ಪಾಪ ಲ್ಯಾಬಿನಲ್ಲಿ ಮುಗಿಯಲ್ಲ. ಕುದುರೆಮುಖದ ಲಕ್ಯಾ ಅಣೆಕಟ್ಟು ನೋಡಿದವರಿಗೆ ಟೇಲಿಂಗ್ಸ್ ಅಂದರೆ ಏನು ಅಂತ ಹೇಳಬೇಕಿಲ್ಲ. ಅಥಾಬಾಸ್ಕಾದ ಕೊಳಗಳಲ್ಲಿ ಹೀಗೆ ಬಿಡಿಯಾದ ಜೇಡಿ ವರ್ಷಗಟ್ಟಲೆ ಕೂತರೂ ಸುಮಾರು 30 ಶೇಕಡ ಘನದ ಮೊಸರಿನಂಥ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಅದಕ್ಕೇ ಜಿಪ್ಸಂ ಹಾಕುವುದು. ಆಮೇಲೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಕಾಸ್ಟಿಕ್ ಅಳತೆಯನ್ನು ಹೊಸದಾಗಿ ಶುರು ಮಾಡಿ: ಸೊನ್ನೆ, 0.01, 0.02, 0.03, 0.05 ಶೇಕಡ. ಐದು ಪರೀಕ್ಷೆ, ಒಂದೇ ಅದಿರು, ಒಂದೇ ನೀರು. ಗ್ರಾಫ್ ಏರಿ ಇಳಿಯುತ್ತದೆ. ತುದಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿ.

ಎಚ್ಚರಿಕೆ: ಕಾಸ್ಟಿಕ್ ಗುಳಿಗೆಯನ್ನು ನೀರಿಗೆ ಹಾಕಬೇಕು, ಗುಳಿಗೆಯ ಮೇಲೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಹಾರುತ್ತದೆ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳೆಯುತ್ತಲೇ ಇರಿ, ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಕನ್ನಡಕ ಇದೆಯಲ್ಲ ಅಂತ ಗಾಗಲ್ಸ್ ಬಿಡಬೇಡಿ.

ಲಕ್ಷಣ: ಬಿಟುಮೆನ್ ಮೇಲೆ ಬರುವ ಬದಲು ಗೋಡೆಗೆ, ಕಡ್ಡಿಗೆ ಅಂಟುತ್ತಿದೆ

ತಣ್ಣಗಿನ ಲೋಹಕ್ಕೆ ಬಿಟುಮೆನ್ ಅಂಟುತ್ತದೆ. ಪಾತ್ರೆಯನ್ನೂ ಕಡ್ಡಿಯನ್ನೂ ಮೊದಲೇ ಬಿಸಿನೀರಲ್ಲಿ ಕಾಯಿಸಿ. ಹಿಂದಿನ ಪರೀಕ್ಷೆಯ ಜಿಡ್ಡು ಉಳಿದಿದ್ದರೆ ಹೊಸದು ಅದರ ಮೇಲೇ ಕೂರುತ್ತದೆ. ಅಂಟಿದ್ದನ್ನು ನೊರೆಯ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಒರೆಸಿ ತೂಗಿ ಬರೆದಿಡಿ.

ಲಕ್ಷಣ: ತಳದ ಮರಳಲ್ಲಿ ಕಪ್ಪು ಉಂಡೆಗಳು

ಉಂಡೆಯನ್ನು ಒಡೆದು ನೋಡಿ. ಒಳಗೆ ಮೂಲ ಅದಿರೇ ಇದ್ದರೆ, ಕಲಕಿದ್ದು ಸಾಲದು ಅಥವಾ ಅದಿರು ಹೆಪ್ಪುಗಟ್ಟಿತ್ತು. ಫೋರ್ಟ್ ಮ್ಯಾಕ್‌ಮರ್ರೆಯ ಚಳಿ ಮೈನಸ್ 40ನ್ನೂ ಮುಟ್ಟುತ್ತದೆ. ಚಳಿಗಾಲದ ಅದಿರು ಕಲ್ಲಿನ ಹಾಗೆ ಬರುತ್ತದೆ. ಗಣಿಯಿಂದ ಕಿಲೋಮೀಟರುಗಟ್ಟಲೆ ಪೈಪಿನಲ್ಲಿ ಬಿಸಿನೀರಿನ ಜೊತೆ ಉರುಳುತ್ತಾ ಬರುವಾಗ ಉಂಡೆಗಳು ಸುಲಿದು ಕರಗಬೇಕು. ಪೈಪಿನಲ್ಲಿ ಸಿಗುವ ಆ ಹೊತ್ತು ಲ್ಯಾಬಿನ 10 ನಿಮಿಷಕ್ಕೆ ಸಮ. ಉಂಡೆಯೊಳಗೆ ಮರಳಿಲ್ಲದೆ ಬರೀ ಬೂದು ಜೇಡಿ ಇದ್ದರೆ ಚಿಂತೆ ಬೇಡ, ಅದು ಬಿಟುಮೆನ್ ಸವರಿಕೊಂಡ ಮಣ್ಣುಹೆಂಟೆ. ಅದನ್ನು ಎಷ್ಟು ಕಲಕಿದರೂ ನಯಪುಡಿ ಹೆಚ್ಚಾಗುವುದೇ ಹೊರತು ಎಣ್ಣೆ ಬರಲ್ಲ.

ಲಕ್ಷಣ: ಕಣ್ಣಿಗೆ ಎಲ್ಲ ಸರಿ, ಲೆಕ್ಕ ಮಾತ್ರ ಕೂಡುತ್ತಿಲ್ಲ

ರಿಕವರಿ 108 ಶೇಕಡ ಬಂದಿದೆ ಅಂತ ಒಬ್ಬ ಹುಡುಗ ಖುಷಿಯಿಂದ ಫೋನ್ ಮಾಡಿದ್ದ. ಇಲ್ಲದ ಎಣ್ಣೆ ಎಲ್ಲಿಂದ ಬರುತ್ತದೆ?

ನೊರೆಯನ್ನು ಟೊಲ್ಯೂಯಿನ್‌ನಲ್ಲಿ ಕುದಿಸಿ ಬಿಟುಮೆನ್, ನೀರು, ಘನ ಮೂರನ್ನೂ ಬೇರೆ ಮಾಡುವುದಕ್ಕೆ ಡೀನ್-ಸ್ಟಾರ್ಕ್ ಅನ್ನುತ್ತಾರೆ. ಮೂರನ್ನು ಕೂಡಿದರೆ ಮೂಲ ತೂಕ ಬರಬೇಕು. ಒಂದೆರಡು ಶೇಕಡ ವ್ಯತ್ಯಾಸ ನಡೆಯುತ್ತದೆ. ಜಾಸ್ತಿ ಇದ್ದರೆ ಎರಡು ಕಡೆ ನೋಡಿ. ಒಂದು, ನೊರೆ ತುಂಬಿಟ್ಟ ಫಿಲ್ಟರ್ ಟೋಪಿಯಿಂದ ತೊಟ್ಟಿಕ್ಕುವ ಟೊಲ್ಯೂಯಿನ್ ಬಣ್ಣವಿಲ್ಲದೆ ಬರುವ ಮುಂಚೆಯೇ ನಿಲ್ಲಿಸಿದ್ದೀರಾ. ಇನ್ನೊಂದು, ಟೋಪಿ ಹರಿದು ನಯಪುಡಿ ಬಿಟುಮೆನ್ ಕಡೆ ಸೇರಿದೆಯಾ. ಆ ಹುಡುಗನದ್ದು ಎರಡನೆಯದು. ಜೇಡಿಯನ್ನು ಎಣ್ಣೆ ಅಂತ ತೂಗಿದ್ದ. ಅದಿರನ್ನು ಚೆನ್ನಾಗಿ ಬೆರೆಸದೆ ಚೀಲದ ಮೇಲಿಂದ ಒಂದು ಮುಷ್ಟಿ, ಕೆಳಗಿಂದ ಒಂದು ಮುಷ್ಟಿ ತೆಗೆದರೂ ಹೀಗಾಗುತ್ತದೆ.

ಟೊಲ್ಯೂಯಿನ್ ಬಗ್ಗೆ ತಮಾಷೆ ಬೇಡ. ಅದರ ಆವಿ 4 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು. ಅಂದರೆ ಕೋಣೆಯ ಬಿಸಿಯಲ್ಲಿ ಒಂದು ಕಿಡಿ ಸಾಕು. ಗಾಳಿ ಎಳೆಯುವ ಕಪಾಟಿನೊಳಗೇ ಕೆಲಸ, ವಿದ್ಯುತ್ ಹೀಟರ್ ಮಾತ್ರ, ಕಂಡೆನ್ಸರಿನ ನೀರು ಹರಿಯುತ್ತಿದೆಯಾ ನೋಡಿಯೇ ಸ್ವಿಚ್ ಹಾಕಬೇಕು. ತೆಳು ನೈಟ್ರೈಲ್ ಗ್ಲೌಸನ್ನು ಅದು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಒದ್ದೆಯಾದ ಕೂಡಲೇ ಬದಲಿಸಿ. ತಲೆ ತಿರುಗಿದರೆ ಅಥವಾ ವಾಸನೆ ಹೊರಗೆ ಬಂದರೆ ಹೀಟರ್ ಆರಿಸಿ, ಹೊರಗೆ ಹೋಗಿ, ಲ್ಯಾಬಿನ ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ.

ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ಇವೇ ಲಕ್ಷಣ ಕಂಡರೆ

ಹೆಸರು ಬೇರೆ, ರೋಗ ಅದೇ. ಅಂಚಿನಿಂದ ಉಕ್ಕುವ ನೊರೆ ತೆಳುವಾಗುತ್ತದೆ, ಗಾಜಿನ ಕಿಟಕಿಯಲ್ಲಿ ನೊರೆಗೂ ನಡುನೀರಿಗೂ ಇರುವ ಗೆರೆ ಮಸುಕಾಗುತ್ತದೆ, ನಡುವಿನ ಸಾಂದ್ರತೆ ಏರುತ್ತದೆ. ಕಂಟ್ರೋಲ್ ರೂಮಿನಲ್ಲಿ ಮೊದಲು ಕೇಳಬೇಕಾದ್ದು, "ಗಣಿಯಲ್ಲಿ ಶವಲ್ (ಅಗೆಯುವ ಯಂತ್ರ) ಯಾವ ಜಾಗಕ್ಕೆ ಹೋಯಿತು?" ಅದಿರು ಬದಲಾಗಿದ್ದರೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಬಿಸಿ, ತುಂಬುವ ನೀರು, ನಡುವಿನಿಂದ ಎಳೆಯುವ ಪ್ರಮಾಣ. ನಡುನೀರು ಗಂಜಿಯಾಗುತ್ತಿದ್ದರೆ ಅದಿರಿನ ಓಟ ಇಳಿಸಿ, ನೀರು ಏರಿಸಿ, ನಡುವಿನಿಂದ ಜಾಸ್ತಿ ಎಳೆದು ಮುಂದಿನ ಗಾಳಿ ತೊಟ್ಟಿಗೆ ಕಳಿಸುತ್ತಾರೆ. ಕಾಸ್ಟಿಕ್ ಇಲ್ಲೂ ಕೊನೆಗೆ.

ಇಲ್ಲಿ ನೀವು ಕೈ ಹಾಕಬಾರದ ಜಾಗಗಳಿವೆ. ಸಾಂದ್ರತೆ ಅಳೆಯುವ ಮೀಟರುಗಳಲ್ಲಿ ವಿಕಿರಣದ ಮೂಲ ಇರುತ್ತದೆ. ರೀಡಿಂಗ್ ಅನುಮಾನ ಬಂದರೆ ಮಾದರಿ ತೆಗೆದು ಲ್ಯಾಬಿನಲ್ಲಿ ತೂಗಿ ಹೋಲಿಸಿ, ಮೀಟರ್ ಮುಟ್ಟುವುದು ವಿಕಿರಣ ಸುರಕ್ಷತಾ ಅಧಿಕಾರಿಯ ಕೆಲಸ. ತಳದ ಮರಳು ಬಾಚುವ ಕುಂಟೆಯ ಮೇಲೆ ಹೊರೆ ಏರಿ ಅಲಾರ್ಮ್ ಬಂದರೆ ಪ್ರಯೋಗ ಬಿಟ್ಟು ಶಿಫ್ಟ್ ಮುಖ್ಯಸ್ಥರಿಗೆ ಹೇಳಿ. ಖಾಲಿ ತೊಟ್ಟಿಯೊಳಗೆ ಇಣುಕಲೂ ಪರವಾನಗಿ, ಗ್ಯಾಸ್ ಪರೀಕ್ಷೆ, ಹೊರಗೆ ಕಾಯುವ ಒಬ್ಬ ಮನುಷ್ಯ ಬೇಕು. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆ ನಾರುತ್ತದೆ, ಜಾಸ್ತಿಯಾದರೆ ಮೂಗನ್ನೇ ಸಾಯಿಸುತ್ತದೆ, ವಾಸನೆಯೇ ಬರಲ್ಲ. ಕೊರಳಿನ ಗ್ಯಾಸ್ ಮೀಟರ್ ಕೂಗಿದರೆ ಮಾದರಿ ಬಾಟಲಿ ಅಲ್ಲೇ ಬಿಟ್ಟು ಗಾಳಿಗೆ ಅಡ್ಡವಾಗಿ, ಆಮೇಲೆ ಗಾಳಿ ಬರುವ ದಿಕ್ಕಿಗೆ ನಡೆಯಿರಿ.

ಇನ್ನು ಲ್ಯಾಬಿನವರಿಗೆ. ಮೇಲಿನದ್ದೆಲ್ಲ ನೋಡಿ, ಭಟ್ಟಿ ಇಳಿಸಿದ ನೀರಲ್ಲಿ ಒಮ್ಮೆ, ಹೊಸ ಅದಿರಿನಲ್ಲಿ ಒಮ್ಮೆ ಮಾಡಿ, ಎರಡರಲ್ಲೂ ಕೈಕೊಟ್ಟರೆ ಮಾತ್ರ ದೊಡ್ಡವರನ್ನು ಕರೆಯಿರಿ. ಹೋಗುವಾಗ ನಾಲ್ಕು ವಿಷಯ ಬರೆದುಕೊಂಡು ಹೋಗಿ: ಅದಿರಿನ ಚೀಲ ಯಾವಾಗ ತೆರೆದಿದ್ದು, ರಾಡಿಯೊಳಗಿನ ನಿಜವಾದ ಬಿಸಿ, ಕಾಸ್ಟಿಕ್ ಇಲ್ಲದಾಗಿನ ಪಿಎಚ್, ಮತ್ತೆ ಆ ನ್ಯೂಫೌಂಡ್‌ಲ್ಯಾಂಡಿನವನು ಕೇಳಿದ್ದು, ಯಾವ ಪೀಪಾಯಿಯ ನೀರು.